ನಾನು ಸಾಕ್ಷಿ ಸಹಿ ಹಾಕಿದ ಪಾವತಿ

ವಕೀಲರ ಕಾರಕೂನನಾಗಿ ನಾನು ಮೂವತ್ತೊಂದು ವರ್ಷ ದುಡಿದೆ. ಇಪ್ಪತ್ತೆರಡು ವರ್ಷ ರೋಣದಲ್ಲಿ ಒಬ್ಬರೇ ವಕೀಲರ ಕೈಕೆಳಗೆ, ಉಳಿದ ವರ್ಷಗಳು ನರಗುಂದದಲ್ಲಿ. ಈಗ ಕಣ್ಣು ಮಂಜಾಗಿದೆ, ಕೋರ್ಟಿನ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬಂದವರು ಕೆಲವರು ಮನೆಗೆ ಬಂದು ಕೇಳುತ್ತಾರೆ: ದಾವೆಯ ಕಾಗದ ಹೇಗೆ ಜೋಡಿಸಬೇಕು, ನಕಲಿಗೆ ಅರ್ಜಿ ಯಾವಾಗ ಕೊಡಬೇಕು, ಯಾವ ಟೇಬಲ್ಲಿಗೆ ಮೊದಲು ಹೋಗಬೇಕು. ಎಲ್ಲ ಹೇಳಿಕೊಡುತ್ತೇನೆ. ಮನಸ್ಸಿದ್ದವರಿಗೆ ಆರು ತಿಂಗಳಲ್ಲಿ ಬರುವ ವಿದ್ಯೆ ಅದು. ಇಲ್ಲಿ ಬರೆಯುತ್ತಿರುವುದು ಅವರು ಯಾರೂ ಕೇಳದ ಸಂಗತಿ.

ನಮ್ಮ ವಕೀಲರ ಹೆಸರು ಬರೆಯುವುದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ನಾನು ಅವರನ್ನು ಸಾಹೇಬರೆಂದೇ ಕರೆದವನು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅವರು ನನ್ನನ್ನು ಮೌಲಾ ಎನ್ನುತ್ತಿದ್ದರು. ಪೂರ್ತಿ ಹೆಸರು ಮೌಲಾಸಾಬ ಎಂಬುದು ಅವರಿಗೆ ಸಂಬಳದ ಚೀಟಿ ಬರೆಯುವಾಗ ಮಾತ್ರ ನೆನಪಾಗುತ್ತಿತ್ತು.

ಅವರು ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ಸುಲಭವಿತ್ತು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನಾನೊಂದು ದೊಡ್ಡ ತಪ್ಪು ಮಾಡಿದೆ. ಗಜೇಂದ್ರಗಡದ ನೇಕಾರನೊಬ್ಬನ ಮನೆಯ ವಾಟ್ನಿ, ಅಂದರೆ ಪಾಲು ಹಂಚಿಕೆಯ ಕೇಸು ಸೋತಿತ್ತು, ಗದಗಿಗೆ ಅಪೀಲು ಹಾಕಬೇಕಿತ್ತು. ಅಪೀಲಿನ ಕೊನೆಯ ತಾರೀಖನ್ನು ಡೈರಿಯಲ್ಲಿ ನಾನು ಒಂದು ತಿಂಗಳು ಮುಂದೆ ಬರೆದುಬಿಟ್ಟಿದ್ದೆ. ಗೊತ್ತಾಗುವ ಹೊತ್ತಿಗೆ ಅವಧಿ ಮುಗಿದಿತ್ತು. ಸಾಹೇಬರು ಆ ನೇಕಾರನನ್ನು ಕರೆಸಿ, ತಪ್ಪು ತಮ್ಮದೆಂದು ಹೇಳಿ, ಫೀಜು ವಾಪಸ್ ಕೊಟ್ಟರು. ತಡವನ್ನು ಮನ್ನಿಸಲು ಅರ್ಜಿ ಹಾಕಿ ಗದಗಿಗೆ ತಮ್ಮ ಖರ್ಚಿನಲ್ಲೇ ಆರು ಸಲ ಓಡಾಡಿದರು. ಅರ್ಜಿ ವಜಾ ಆಯಿತು, ಆ ಮನುಷ್ಯ ಮನೆ ಕಳೆದುಕೊಂಡ. ನನ್ನ ಹೆಸರು ಅವನ ಮುಂದೆ ಒಮ್ಮೆಯೂ ಬರಲಿಲ್ಲ. ಸಾಹೇಬರು ನನಗೆ ಹೇಳಿದ್ದು ಇಷ್ಟೆ: "ಮೌಲಾ, ನೀ ಬರದ ತಾರೀಖ ನಾ ಒಮ್ಮಿ ನೋಡಬೇಕಿತ್ತು."

ಅಂದಿನಿಂದ ಅವರು ಹೇಳಿದ ಕೆಲಸಕ್ಕೆ ನಾನು ಎದುರು ಮಾತಾಡಿದ್ದಿಲ್ಲ. ನನ್ನ ಎರಡನೆಯ ತಪ್ಪಿನ ಬೇರು ಅಲ್ಲಿಯೇ ಇತ್ತೆಂದು ಈಗ ಅನ್ನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಸಾಹೇಬರು ಗಜೇಂದ್ರಗಡದಲ್ಲಿ ಇಬ್ಬರು ಪಾಲುದಾರರ ಜತೆ ಕಲ್ಯಾಣಮಂಟಪ ಕಟ್ಟಿಸಲು ಕೈಹಾಕಿದರು. ವಕೀಲಿಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾಗದ ನೋಡುವ ಮನುಷ್ಯ, ಗಾರೆ ಕೆಲಸದವರ ಬಾಯಿಮಾತು ನಂಬಿ ಕುಳಿತರು. ಪಾಲುದಾರರು ಹಿಂದೆ ಸರಿದರು. ಕಂಬಗಳು ಎದ್ದವು, ಮಾಳಿಗೆ ಏಳಲಿಲ್ಲ. ಸಾಹೇಬರು ವಾರಕ್ಕೊಮ್ಮೆ ಹೋಗಿ ಆ ಕಂಬಗಳನ್ನು ನೋಡಿ ಬರುತ್ತಿದ್ದರು. ಬಂದ ದಿನ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಅದೇ ಕಾಲಕ್ಕೆ ನರೇಗಲ್ಲಿನ ಪಾರವ್ವನ ಕೇಸು ತೀರ್ಮಾನವಾಯಿತು. ಪಾರವ್ವನ ಗಂಡ ಗೋವೆಯಲ್ಲಿ ಕಟ್ಟಡದ ಕೂಲಿ. ಹಬ್ಬಕ್ಕೆಂದು ಹೆಂಡತಿ ಮಗಳೊಂದಿಗೆ ಜೀಪಿನಲ್ಲಿ ಊರಿಗೆ ಬರುತ್ತಿದ್ದಾಗ ನರಗುಂದದ ಹತ್ತಿರ ಲಾರಿ ಬಡಿಯಿತು. ಗಂಡ ಅಲ್ಲೇ ತೀರಿಕೊಂಡ. ಏಳು ವರ್ಷದ ಮಗಳು ರೇಣುಕಾಳ ಬಲಗಾಲು ತೊಡೆಯಿಂದ ಮೊಣಕಾಲಿನವರೆಗೆ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಬೆಳೆಯುವ ಎಲುಬು, ಇನ್ನೊಂದು ವರ್ಷದೊಳಗೆ ಆಪರೇಷನ್ ಮಾಡಿದರೆ ಕಾಲು ನೆಟ್ಟಗಾಗುತ್ತದೆ ಎಂದು ತೀರ್ಪಿನ ಹೊತ್ತಿಗೆ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು.

ಆ ಕೇಸಿನಲ್ಲಿ ಸಾಹೇಬರು ವಾದಿಸಿದ್ದನ್ನು ನಾನು ಮರೆತಿಲ್ಲ. ಪರಿಹಾರದ ಹಣವನ್ನೆಲ್ಲ ಬ್ಯಾಂಕಿನಲ್ಲಿ ಠೇವಣಿ ಇಡಿಸಬೇಡಿ, ತಾಯಿಯ ಪಾಲು ಈಗಲೇ ಕೊಡಿಸಿ, ಈ ಮಗುವಿನ ಕಾಲು ಠೇವಣಿ ಮುಗಿಯುವತನಕ ಕಾಯುವುದಿಲ್ಲ ಎಂದರು. ಹುಡುಗಿಯನ್ನು ನ್ಯಾಯಾಧೀಶರ ಮುಂದೆ ನಡೆಸಿ ತೋರಿಸಿದರು. ಅದು ನಾಟಕವಲ್ಲ, ನಾನು ಬೆನ್ನಹಿಂದೆ ಫೈಲು ಹಿಡಿದು ನಿಂತಿದ್ದೆ. ಮಗಳ ಪಾಲು ಠೇವಣಿಗೆ ಹೋಯಿತು, ತಾಯಿಯ ಪಾಲನ್ನು ಚಿಕಿತ್ಸೆಗಾಗಿ ಬಿಡುಗಡೆ ಮಾಡಲು ಆದೇಶವಾಯಿತು.

ಆಗಿನ ಪದ್ಧತಿ ಹೀಗಿತ್ತು: ಕೋರ್ಟು ಪಕ್ಷಗಾರರ ಹೆಸರಿಗೆ ಚೆಕ್ಕು ಕೊಡುತ್ತಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತದ ಜನರಿಗೆ ನಾವೇ ಖಾತೆ ತೆರೆಸಿ, ಗುರುತು ಹೇಳಿ, ಹೆಬ್ಬೆಟ್ಟು ಒತ್ತಿಸಿ ಹಣ ತೆಗೆಸಿಕೊಡುತ್ತಿದ್ದೆವು. ಪಾಸಬುಕ್ಕು ನಮ್ಮ ಕಚೇರಿಯ ಕಪಾಟಿನಲ್ಲೇ ಇರುತ್ತಿತ್ತು. ಜನ ನಂಬಿದ್ದರು, ನಾವೂ ಅಲ್ಲಿಯತನಕ ನಂಬಿಕೆ ಉಳಿಸಿಕೊಂಡಿದ್ದೆವು.

ಪಾರವ್ವನ ಹಣ ಖಾತೆಗೆ ಜಮೆ ಆದ ಎರಡನೆಯ ದಿನ ಸಾಹೇಬರು ಆಕೆಯನ್ನು ಕರೆಸು ಎಂದರು. ಬ್ಯಾಂಕಿನ ಕಟ್ಟೆಯ ಮೇಲೆ ಕುಳಿತು ನಾನೇ ಆಕೆಯ ಹೆಬ್ಬೆಟ್ಟನ್ನು ಮಸಿಯ ದಿಂಬಿಗೆ ಒತ್ತಿ, ಕಾಗದಗಳ ಮೇಲೆ ಊರಿಸಿದೆ. ಇದು ಏನ್ರಿ ಅಣ್ಣಾರ ಎಂದು ಕೇಳಿದಳು. ಖಾತೆಯ ಕಾಗದ, ಚೆಕ್ಕು ಪಾಸಾಗಲು ಬೇಕು ಎಂದೆ. ಅವುಗಳಲ್ಲಿ ಒಂದು ಹಣ ತೆಗೆಯುವ ಚೀಟಿ. ಇನ್ನೊಂದು ರೆವಿನ್ಯೂ ಸ್ಟಾಂಪು ಹಚ್ಚಿದ ಖಾಲಿ ಕಾಗದ. ಆಕೆ ಕೌಂಟರಿನ ಮುಂದೆ ನಿಂತಳು, ಇವಳೇ ಪಾರವ್ವ ಎಂದು ನಾನು ಗುರುತು ಹೇಳಿದೆ, ಹೊರಗೆ ಕೂಡಲು ಕಳಿಸಿದೆ. ಹಣವನ್ನು ಜತೆಗೆ ಬಂದಿದ್ದ ಸಾಹೇಬರು ಚೀಲಕ್ಕೆ ಹಾಕಿಕೊಂಡರು. ಕಚೇರಿಗೆ ಬಂದ ಮೇಲೆ, ನನ್ನ ಮುಖ ನೋಡದೆ, ಹದಿನೈದು ದಿನದ ಮಾತು, ಮಾಳಿಗೆ ಎದ್ದರೆ ಬ್ಯಾಂಕಿನ ಸಾಲ ಸಿಗುತ್ತದೆ, ಮೊದಲು ಇವಳದನ್ನೇ ಕೊಟ್ಟುಬಿಡೋಣ ಎಂದರು. ನಾನು ತಲೆ ಅಲ್ಲಾಡಿಸಿದೆ.

ಹದಿನೈದು ದಿನ ಹೋಗಿ ಎರಡು ತಿಂಗಳಾಯಿತು. ಪಾರವ್ವ ಸಂತೆಯ ದಿನ ಕೂಲಿ ಬಿಟ್ಟು ನರೇಗಲ್ಲಿನಿಂದ ಬಸ್ಸಿಗೆ ಬರುತ್ತಿದ್ದಳು, ಕೆಲವು ಸಲ ಮಗಳನ್ನು ಸೊಂಟದ ಮೇಲೆ ಹೊತ್ತು. ಸಾಹೇಬರು ಒಳಗಿನ ಕೋಣೆಯಿಂದ ಹೊರಬರುತ್ತಿರಲಿಲ್ಲ. ಉತ್ತರ ಕೊಡುವುದು ನನ್ನ ಪಾಲಿಗೆ ಬಂತು. ಒಮ್ಮೆ ಚೆಕ್ಕು ಪಾಸಾಗಿಲ್ಲ ಎಂದೆ, ಒಮ್ಮೆ ವಿಮಾ ಕಂಪನಿಯವರು ಅಪೀಲು ಹೋಗಿದ್ದಾರೆ ಎಂದೆ, ಒಮ್ಮೆ ಮ್ಯಾನೇಜರರು ರಜೆಯ ಮೇಲಿದ್ದಾರೆ ಎಂದೆ. ಅಷ್ಟು ಸುಳ್ಳು ಹುಟ್ಟಿಸುವ ಬುದ್ಧಿ ನನಗಿದೆಯೆಂದು ಮೊದಲು ಗೊತ್ತಿರಲಿಲ್ಲ. ಆಕೆ ಒಂದು ಸಲವೂ ಅನುಮಾನ ಪಡಲಿಲ್ಲ. ಹೋಗುವಾಗ, ಹುಡುಗಿಯ ಕಾಲಿಗೆ ಎಣ್ಣೆ ಹಚ್ಚಿದರೆ ಏನಾದರೂ ಉಪಯೋಗವಿದೆಯೇ ಎಂದು ನನ್ನನ್ನೇ ಕೇಳಿ ಹೋಗುತ್ತಿದ್ದಳು. ಓದಿದವರ ಜತೆ ಇರುವವನು, ಗೊತ್ತಿರುತ್ತದೆ ಎಂದು.

ಹೀಗೆ ಒಂದು ವರ್ಷಕ್ಕೆ ಹತ್ತಿರವಾಯಿತು. ಕಡೆಗೆ ಅವರ ಓಣಿಯ ಸಾಲಿ ಮಾಸ್ತರರೊಬ್ಬರು ಆಕೆಯನ್ನು ಬ್ಯಾಂಕಿಗೆ ಕರೆದೊಯ್ದು ವಿಚಾರಿಸಿದರು. ಹಣ ಯಾವತ್ತು ಬಂತು, ಯಾವತ್ತು ಹೋಯಿತು ಎಂಬುದು ಅಲ್ಲಿ ಗೊತ್ತಾಯಿತು. ಅಲ್ಲಿಂದ ನೇರ ನಮ್ಮ ಕಚೇರಿಗೆ ಬಂದಳು. ಮಾಸ್ತರರು ಹೊರಗೆ ನಿಂತರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಆಕೆ ಬಯ್ಯಲಿಲ್ಲ.

"ಅಣ್ಣಾರ, ನನ್ನ ಕೈ ಹಿಡದು ಹೆಬ್ಬಟ್ಟ ಒತ್ತಿಸಿದವ್ರು ನೀವು. ಅದು ಏನಂತ ನಿಮಗ ಗೊತ್ತಿತ್ತೇನು?"

ನಾನು ಎದುರಿನ ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಆಕೆ ಮಾಸ್ತರರ ಜತೆ ಹೋದಳು.

ರೋಣದಲ್ಲಿ ತನ್ನ ದೂರು ಬರೆದುಕೊಡಲು ಕೆಲವು ವಕೀಲರನ್ನು ಕೇಳಿದಳಂತೆ. ಒಬ್ಬರು ರಾಜಿ ಮಾಡಿಸುತ್ತೇನೆ ಎಂದರು, ಇನ್ನೊಬ್ಬರು ದಿನಾ ಮುಖ ನೋಡುವವರ ಮೇಲೆ ಹೇಗೆ ಬರೆಯಲಿ ಎಂದರು. ಕೊನೆಗೆ ಮಾಸ್ತರರು ಆಕೆಯನ್ನು ನರಗುಂದದ ಶಕುಂತಲಾ ಎಂಬ ವಕೀಲರ ಹತ್ತಿರ ಕರೆದೊಯ್ದರು. ಶಕುಂತಲಾ ಮೇಡಂ ವಕೀಲಿ ಶುರು ಮಾಡಿ ನಾಲ್ಕೇ ವರ್ಷವಾಗಿತ್ತು. ಬಾಡಿಗೆಯ ಒಂದು ಕೋಣೆ, ಎರಡು ಕುರ್ಚಿ. ಅವರು ಬೆಂಗಳೂರಿನ ವಕೀಲರ ಪರಿಷತ್ತಿಗೆ ದೂರು ಬರೆದರು. ವಕೀಲನ ಸನದು ಕೊಡುವುದೂ ಕಸಿಯುವುದೂ ಆ ಪರಿಷತ್ತಿನ ಕೈಯಲ್ಲಿ. ದೂರಿನಲ್ಲಿ ಹುರುಳಿದೆ ಎನ್ನಿಸಿದರೆ ಮೂವರು ಹಿರಿಯ ವಕೀಲರ ಶಿಸ್ತು ಸಮಿತಿ ವಿಚಾರಣೆ ನಡೆಸುತ್ತದೆ.

ನೋಟೀಸು ರಿಜಿಸ್ಟರ್ ಅಂಚೆಯಲ್ಲಿ ಬಂದಾಗ ಸಹಿ ಮಾಡಿ ತೆಗೆದುಕೊಂಡವನು ನಾನೇ. ಸಾಹೇಬರು ಎರಡು ಸಲ ಓದಿದರು. ಬಾಗಿಲು ಮುಂದೆ ಮಾಡು ಎಂದರು. ಆಮೇಲೆ ಕಪಾಟಿನಿಂದ ಆ ಖಾಲಿ ಕಾಗದ ತೆಗೆದು ನನ್ನ ಮುಂದಿಟ್ಟರು. ಸ್ಟಾಂಪು, ಅದರ ಮೇಲೆ ಪಾರವ್ವನ ಹೆಬ್ಬೆಟ್ಟು, ಮೇಲೆಲ್ಲ ಬಿಳಿ.

"ಪೂರಾ ರೊಕ್ಕ ಮುಟ್ಟೇತಿ ಅಂತ ಒಂದ ಪಾವತಿ ತಯಾರ ಮಾಡು, ಮೌಲಾ. ಹೋದ ವರ್ಷದ ತಾರೀಖ ಹಾಕು. ಸಾಕ್ಷಿ ನೀನ ಹಾಕು. ಮಂಟಪ ಮಾರತೀನಿ, ಆಕಿ ರೊಕ್ಕ ಕೊಡತೀನಿ. ಸನದ ಹೋದ್ರ ಕೊಡೂದು ಹ್ಯಾಂಗ?"

ನಾನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಹೆಬ್ಬೆಟ್ಟಿನ ಮೇಲಿನ ಜಾಗಕ್ಕೆ ಸರಿಯಾಗಿ ಅಚ್ಚು ತೆಗೆದೆ. ಸಾಕ್ಷಿ ಎಂದು ಸಹಿ ಹಾಕಿದೆ. ನನ್ನ ಕಣ್ಣೆದುರಿಗೇ ಹಣ ಕೊಟ್ಟರು ಎಂದು ಅಫಿಡವಿಟ್ಟಿಗೂ ಸಹಿ ಹಾಕಿದೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಆ ಹುಡುಗಿಗೆ ಎಷ್ಟು ವಯಸ್ಸು ಎಂದು ಮಾತ್ರ ಕೇಳಿದಳು. ನಮ್ಮ ಕಿರಿಯ ಮಗಳಷ್ಟೇ ಎಂದೆ. ಎದ್ದು ಒಳಗೆ ಹೋದಳು.

ವಿಚಾರಣೆಗೆ ಗದಗಿನಿಂದ ರೈಲಿನಲ್ಲಿ ಹೋದೆವು. ನನ್ನ ಟಿಕೇಟನ್ನೂ ಸಾಹೇಬರೇ ತೆಗೆಸಿದ್ದರು, ಕಿಟಕಿಯ ಕಡೆ ಕೂಡಿಸಿದ್ದರು. ಸಂಜೆ ಅವರ ಮನೆಯವರು ಕಟ್ಟಿಕೊಟ್ಟ ಕಡಕ ರೊಟ್ಟಿ, ಶೇಂಗಾ ಚಟ್ನಿಯನ್ನು ಇಬ್ಬರೂ ಒಂದೇ ಕಾಗದದ ಮೇಲೆ ಹಂಚಿಕೊಂಡು ತಿಂದೆವು. ಕೇಸಿನ ಮಾತು ಬರಲೇ ಇಲ್ಲ. ಇಷ್ಟು ವರ್ಷದಲ್ಲಿ ನಾವು ಜತೆಯಲ್ಲಿ ಕುಳಿತು ಉಂಡದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಪರಿಷತ್ತಿನ ಕಟ್ಟಡದಲ್ಲಿ ಪಾರವ್ವ ಮಗಳೊಂದಿಗೆ ಬೆಂಚಿನ ಮೇಲೆ ಕುಳಿತಿದ್ದಳು. ಹುಡುಗಿ ಎದ್ದು ನೀರಿನ ನಲ್ಲಿಯ ಕಡೆ ಹೋದಳು. ಹಿಂದೆ ಸೊಟ್ಟಗಿದ್ದ ಕಾಲು ಈಗ ಗಿಡ್ಡವೂ ಆಗಿತ್ತು. ಒಂದು ಹೆಜ್ಜೆ ಇಡುವುದು, ಇಡೀ ದೇಹ ಎತ್ತಿ ಹಾಕುವುದು. ನಲ್ಲಿಯವರೆಗೆ ಹತ್ತು ಹೆಜ್ಜೆ ಇರಬಹುದು. ನಾನು ಅವಳು ಹೋಗುವುದನ್ನೂ ಬರುವುದನ್ನೂ ನೋಡಿದೆ.

ನನ್ನನ್ನು ಒಳಗೆ ಕರೆದರು. ಉದ್ದ ಮೇಜು, ಆಚೆ ಮೂವರು. ನಡುವಿನವರು ವಯಸ್ಸಾದವರು, ಮೆತ್ತಗಿನ ದನಿ. ಶಕುಂತಲಾ ಮೇಡಂ ಪಾವತಿಯನ್ನು ನನಗೆ ತೋರಿಸಿ ಸಹಿ ನನ್ನದೇ ಎಂದು ಕೇಳಿದರು. ಹೌದೆಂದೆ. ಹಣ ಕೊಟ್ಟದ್ದನ್ನು ಕಂಡಿರಾ ಎಂದು ಕೇಳಿದರು. ಸಾಹೇಬರು ತಮ್ಮ ಬೆರಳುಗಳನ್ನು ನೋಡುತ್ತ ಕುಳಿತಿದ್ದರು.

"ಇಲ್ರಿ," ಎಂದೆ. "ರೊಕ್ಕ ಕೊಟ್ಟಿಲ್ರಿ. ಹೆಬ್ಬಟ್ಟ ಮೊದಲ ಇತ್ತು, ಬರಹ ಆಮ್ಯಾಲೆ ಬಂತು. ಬರದಾಂವ ನಾನ ರಿ."

ನಡುವಿನವರು, ಮೊದಲು ಪ್ರಮಾಣ ಮಾಡಿ ಹಾಗೆ ಹೇಳಿದಿರಿ, ಈಗ ಪ್ರಮಾಣ ಮಾಡಿ ಹೀಗೆ ಹೇಳುತ್ತೀರಿ, ಯಾವುದನ್ನು ನಂಬಬೇಕು ಎಂದರು. ನ್ಯಾಯವಾದ ಪ್ರಶ್ನೆ. ನನ್ನ ಮಾತನ್ನು ನಂಬಬೇಡಿ, ಕಾಗದವನ್ನು ನೋಡಿ ಎಂದೆ. ಪಾವತಿಯ ಮೇಲಿರುವ ತಾರೀಖಿಗೆ ನಮ್ಮ ಕಚೇರಿಯಲ್ಲಿ ಇದ್ದದ್ದು ಟೈಪ್‌ರೈಟರು ಒಂದೇ. ಕಂಪ್ಯೂಟರು ಬಂದದ್ದು ಅದಾಗಿ ಏಳು ತಿಂಗಳಿಗೆ. ಈ ಪಾವತಿ ಕಂಪ್ಯೂಟರಿನ ಅಚ್ಚು. ಕೊಂಡ ಬಿಲ್ಲು ಕಚೇರಿಯಲ್ಲಿದೆ. ಮೂವರೂ ಆ ಕಾಗದವನ್ನು ಒಬ್ಬರಿಂದ ಒಬ್ಬರು ತೆಗೆದುಕೊಂಡು ಬೆಳಕಿಗೆ ಹಿಡಿದರು. ನಡುವಿನವರು ಸಾಹೇಬರ ಕಡೆ ತಿರುಗಿ, ಏನಾದರೂ ಕೇಳುವುದಿದೆಯೇ ಎಂದರು. ಸಾಹೇಬರು ಎದ್ದು ನಿಂತು, ಏನೂ ಇಲ್ಲ ಎಂದು ಕುಳಿತರು. ಎಂಥೆಂಥ ಸಾಕ್ಷಿಗಳನ್ನು ಪಾಟೀಸವಾಲಿನಲ್ಲಿ ಉರುಳಿಸಿದ ಮನುಷ್ಯ.

ಹೊರಗೆ ಬಂದ ಮೇಲೆ ಸಾಹೇಬರು ನನ್ನ ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ತಡೆದುಕೊಳ್ಳುವುದು ನನಗೆ ಸುಲಭವಾಗುತ್ತಿತ್ತು.

"ಹಿಂಗ ಹೇಳಾವ ಇದ್ದಿ ಅಂದ್ರ, ಮೊದಲ ನನಗ ಒಂದ ಮಾತ ಹೇಳಬೇಕಿತ್ತು, ಮೌಲಾ."

"ಮೊದಲ ಆಕಿಗೆ ಹೇಳಬೇಕಿತ್ರಿ, ಸಾಹೇಬ್ರ. ಅದನ್ನೂ ಹೇಳಲಿಲ್ಲ."

ಅವರು ಕಿಸೆಯಿಂದ ನನ್ನ ವಾಪಸು ಟಿಕೇಟು ತೆಗೆದು ಕೈಗೆ ಕೊಟ್ಟರು. ರೈಲಿನಲ್ಲಿ ಬೇರೆ ಡಬ್ಬಿಯಲ್ಲಿ ಕುಳಿತರು.

ಆದೇಶ ಬರಲು ಏಳೆಂಟು ತಿಂಗಳು ಹಿಡಿಯಿತು. ಐದು ವರ್ಷ ಸನದು ಅಮಾನತು. ಅದರಲ್ಲಿ ನನ್ನ ಬಗ್ಗೆಯೂ ಒಂದು ಸಾಲಿತ್ತು: ಈ ಸಾಕ್ಷಿ ಒಮ್ಮೆ ಸುಳ್ಳು, ಒಮ್ಮೆ ನಿಜ ಹೇಳಿದ್ದಾನೆ, ನಿಜವನ್ನು ನಾವು ಒಪ್ಪಿರುವುದು ಕಾಗದದ ಆಧಾರದಿಂದಲೇ ಹೊರತು ಸಾಕ್ಷಿಯ ಮೇಲಿನ ವಿಶ್ವಾಸದಿಂದಲ್ಲ. ಆ ಸಾಲಿನ ಬಗ್ಗೆ ನನಗೆ ತಕರಾರಿಲ್ಲ.

ಶಿಸ್ತು ಸಮಿತಿ ಸನದು ಕಸಿಯಬಹುದು, ಹಣ ವಸೂಲಿ ಮಾಡಿಕೊಡುವ ಕೆಲಸ ಅದರದಲ್ಲ. ಅದಕ್ಕೆ ಪಾರವ್ವ ಬೇರೆ ದಾವೆ ಹೂಡಬೇಕಾಯಿತು. ಅಷ್ಟರಲ್ಲಿ ರೋಣದಲ್ಲಿ ನನಗೆ ಕೆಲಸ ಕೊಡುವವರು ಇರಲಿಲ್ಲ. ಉಂಡ ಮನೆಯ ಜಂತಿ ಎಣಿಸಿದವ ಎಂದು ಕೆಲವರು ಎದುರಿಗೇ ಅಂದರು. ಇನ್ನು ಕೆಲವರು ನಾನು ನಿಜ ಹೇಳಿದ್ದಕ್ಕೆ ಬೆನ್ನು ತಟ್ಟಿದರು. ಅವರೂ ಕೆಲಸ ಕೊಡಲಿಲ್ಲ. ಶಕುಂತಲಾ ಮೇಡಂ ಕರೆದರು. ಸಂಬಳ ಅರ್ಧ, ದಿನಾ ರೋಣದಿಂದ ನರಗುಂದಕ್ಕೆ ಬಸ್ಸು. ಮೊದಲ ದಿನವೇ ಅವರು ಒಂದು ಮಾತು ಹೇಳಿದರು: ಈ ಕಚೇರಿಯಲ್ಲಿ ಪಕ್ಷಗಾರರ ಪಾಸಬುಕ್ಕು ಇಟ್ಟುಕೊಳ್ಳುವಂತಿಲ್ಲ, ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸುವಂತಿಲ್ಲ. ನನ್ನನ್ನು ನೋಡಿಯೇ ಹೇಳಿದ್ದು.

ಪಾರವ್ವನ ದಾವೆ ರೋಣದ ಕೋರ್ಟಿನಲ್ಲಿತ್ತು. ಮೇಡಂ ಜತೆ ಫೈಲು ಹಿಡಿದು ನಾನೂ ಹೋಗಿದ್ದೆ. ಪಕ್ಷಗಾರರನ್ನು ಕರೆಯುವ ಜವಾನ ಬಾಗಿಲಲ್ಲಿ ನಿಂತು ಸಾಹೇಬರ ಹೆಸರನ್ನು ಬರೀ ಹೆಸರಾಗಿ ಮೂರು ಸಲ ಕೂಗಿದ. ಅವರು ವರಾಂಡದ ಬೆಂಚಿನಿಂದ ಎದ್ದು ಬಂದರು. ಬಿಳಿ ಅಂಗಿ, ಮೇಲೆ ಕರಿ ಕೋಟಿಲ್ಲ. ಅಭ್ಯಾಸಬಲದಿಂದ ವಕೀಲರು ನಿಲ್ಲುವ ಜಾಗದ ಕಡೆ ಎರಡು ಹೆಜ್ಜೆ ಹಾಕಿ, ನೆನಪಾಗಿ, ಹಿಂದೆ ಸರಿದು ಪಕ್ಷಗಾರರ ಸಾಲಿನಲ್ಲಿ ನಿಂತರು. ಒಳಗಿದ್ದ ವಕೀಲರೆಲ್ಲ ಫೈಲಿಗೆ ತಲೆ ಹಾಕಿದರು. ಸಾಹೇಬರು ದಾವೆಯನ್ನು ಎದುರಿಸಲಿಲ್ಲ, ಬರುವುದನ್ನೆಲ್ಲ ಕೊಡುತ್ತೇನೆ ಎಂದು ಒಪ್ಪಿ ಬರೆದುಕೊಟ್ಟರು. ಮಂಟಪದ ಜಾಗ ಕಂಬಗಳ ಸಮೇತ ಅರ್ಧ ಬೆಲೆಗೆ ಹೋಯಿತು. ಪಾರವ್ವನಿಗೆ ಬಡ್ಡಿಯೊಂದಿಗೆ ಹಣ ಮುಟ್ಟಿತು.

ಆ ವಾರವೇ ಆಕೆ ಮಗಳನ್ನು ಹುಬ್ಬಳ್ಳಿ ದವಾಖಾನೆಗೆ ಕರೆದೊಯ್ದಳು. ಹುಡುಗಿಗೆ ಆಗ ಹದಿಮೂರು ವರ್ಷ. ಅದೇ ಡಾಕ್ಟರು ಹಳೆಯ ಚೀಟಿ ನೋಡಿ, ಇಷ್ಟು ವರ್ಷ ಎಲ್ಲಿ ಹೋಗಿದ್ದಿರಿ ಎಂದರಂತೆ. ಆಪರೇಷನ್ ಆಯಿತು. ನೋವು ಕಡಿಮೆಯಾಯಿತು, ಕಾಲು ನೆಟ್ಟಗಾಗಲಿಲ್ಲ.

ಸಾಹೇಬರ ಅಮಾನತು ಮುಗಿಯಿತು. ಮತ್ತೆ ಕೋಟು ಹಾಕಿಕೊಂಡು ಕೋರ್ಟಿಗೆ ಬಂದರಂತೆ, ಕೇಸುಗಳು ಬರಲಿಲ್ಲ. ಒಂದೂವರೆ ವರ್ಷಕ್ಕೆ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಮನೆಯವರು ನನ್ನನ್ನು ನೋಡಿಯೂ ನೋಡದಂತಿದ್ದರು. ಒಂದು ಹಿಡಿ ಮಣ್ಣು ಹಾಕಿ ಹಿಂದೆ ನಿಂತು ಬಂದೆ.

ಈಗ ಪರಿಹಾರದ ಹಣ ನೇರ ಖಾತೆಗೆ ಹೋಗುತ್ತದೆ, ಪಕ್ಷಗಾರರ ಫೋನಿಗೆ ಸಂದೇಶ ಬರುತ್ತದೆ, ಇನ್ನು ಅಂಥದ್ದು ನಡೆಯುವುದಿಲ್ಲ ಎಂದು ಹೊಸಬರು ನನಗೆ ಹೇಳುತ್ತಾರೆ. ಪದ್ಧತಿ ಸುಧಾರಿಸಿದ್ದು ನಿಜ. ಆದರೆ ಆ ಹಣ ಹೋದದ್ದು ಪದ್ಧತಿಯ ಸಂದಿಯಿಂದ ಮಾತ್ರ ಅಲ್ಲ. ಬಾಗಿಲಲ್ಲಿ ಕುಳಿತವನು "ನಾಳಿ ಬಾ" ಎಂದು ಹೇಳಲು ಒಪ್ಪಿದ್ದರಿಂದ ಅದು ಒಂದು ವರ್ಷದ ಹತ್ತಿರ ಮುಚ್ಚಿ ಉಳಿಯಿತು. ಮೊದಲ ತಿಂಗಳಲ್ಲೇ ನಾನು ಒಪ್ಪದಿದ್ದರೆ ಸಾಹೇಬರು ಹೆದರಿ ಹಣ ಹೊಂದಿಸುತ್ತಿದ್ದರೇನೋ. ಅವರ ಸನದೂ ಉಳಿಯುತ್ತಿತ್ತೇನೋ. ವಕೀಲರಿಗೆ ಕಸಿಯಲು ಒಂದು ಸನದಾದರೂ ಇರುತ್ತದೆ. ಕಾರಕೂನನಿಗೆ ಅದೂ ಇಲ್ಲ, ಅವನನ್ನು ವಿಚಾರಿಸುವ ಸಮಿತಿಯೂ ಇಲ್ಲ.

ಹೋದ ವರ್ಷ ಒಂದು ಮದುವೆಗೆಂದು ನರೇಗಲ್ಲಿಗೆ ಹೋಗಿದ್ದೆ. ಬಜಾರಿನಲ್ಲಿ ಹೊಲಿಗೆ ಅಂಗಡಿಯೊಂದರಿಂದ ಹೆಣ್ಣುಮಗಳೊಬ್ಬಳು ಕರೆದಳು. ರೇಣುಕಾ. ಗುರುತು ಹಿಡಿದದ್ದು ಅವಳೇ. ತಾಯಿ ಹೊಲದ ಕೆಲಸಕ್ಕೆ ಹೋಗಿದ್ದಾಳೆ ಎಂದು ಹೇಳಿ, ಕುರ್ಚಿ ಹಾಕಿ, ಚಹಾ ತರಿಸಿದಳು. ಕಾಲಿನಿಂದ ತುಳಿಯಲು ಬಾರದ್ದರಿಂದ ಮಶೀನಿಗೆ ಮೋಟಾರು ಹಚ್ಚಿಸಿಕೊಂಡಿದ್ದಳು, ಅದರ ಗುಂಡಿಯನ್ನು ಎಡಗಾಲಿನಿಂದ ಒತ್ತುತ್ತಿದ್ದಳು. ಯಾರದೋ ಮದುವೆಯ ಜಂಪರು ಸಂಜೆಯೊಳಗೆ ಕೊಡಬೇಕಿತ್ತು. ಹೊಲಿಯುತ್ತಲೇ ಮಾತಾಡಿದಳು.

"ನೀವು ಖರೇ ಹೇಳಿದ್ದಕ್ಕ ನಮ್ಮ ರೊಕ್ಕ ಬಂತಂತ ಅವ್ವ ಹೇಳತಿರತಾಳ್ರಿ."

"ಖರೇ ಹೇಳಿದ್ದು ಖರೇ, ತಂಗಿ. ಭಾಳ ತಡಾ ಮಾಡಿ ಹೇಳಿದೆ."

ಅವಳು ತೋಳಿನ ಅಂಚು ಮಡಚಿ ಸೂಜಿಯ ಕೆಳಗೆ ಇಟ್ಟಳು. ಅಷ್ಟರಲ್ಲಿ ಕರೆಂಟು ಹೋಯಿತು. ಮಶೀನು ಅರ್ಧ ತೋಳಿನಲ್ಲಿ ನಿಂತಿತು. ಪಕ್ಕದ ಅಂಗಡಿಯ ದರ್ಜಿ ಕಾಲಿನಿಂದ ತುಳಿಯುತ್ತ ಕೆಲಸ ಮುಂದುವರಿಸಿದ. ಆ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ರೇಣುಕಾ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಬೀದಿ ನೋಡುತ್ತ ಕುಳಿತಳು. ನನ್ನ ಚಹಾ ಮುಗಿದಿತ್ತು. ಎದ್ದು ಹೋಗಲು ಮನಸ್ಸಾಗಲಿಲ್ಲ. ಕರೆಂಟು ಬರುವವರೆಗೆ ನಾನೂ ಅಲ್ಲೇ ಕುಳಿತಿದ್ದೆ.